ಅರ್ಧ ಊರು ನೋಡದ ಸಿನಿಮಾ

ಬಾಂಗಿನ ದನಿ ಅಡಗಿ ಇನ್ನೂ ಹೆಚ್ಚು ಹೊತ್ತಾಗಿಲ್ಲ. ಕುಂಬಳೆಯ ಬಳಿ ಅನಂತಪುರದ ಕಡೆಗೆ ತಿರುಗುವ ರಸ್ತೆಯ ಅಂಚಿನಲ್ಲಿ, ಮುರಕಲ್ಲಿನ ಬೋಳು ಗುಡ್ಡೆಯ ಮೇಲೆ, ಗಾಳಿ ಸದ್ಯಕ್ಕೆ ತಣ್ಣಗಿದೆ. ಬಿಸಿಲೇರಿದರೆ ಈ ಗುಡ್ಡೆ ಕಾದ ಕಾವಲಿಯಾಗುತ್ತದೆ ಎಂಬುದು ಇಲ್ಲಿ ಮನೆ ಕಟ್ಟಿದವರಿಗೆಲ್ಲ ಗೊತ್ತು. ರಿಫಾನಾ ನಮಾಜಿನ ಬಟ್ಟೆ ಮಡಚಿಟ್ಟು ಅಡುಗೆಮನೆಗೆ ಬರುತ್ತಾರೆ. ಒಲೆಯ ಕಡೆ ನೋಡುವುದೂ ಇಲ್ಲ. ಬಟ್ಟಲು ಕವುಚಿ ಹಾಕುವ ಸ್ಟೀಲ್ ಸ್ಟ್ಯಾಂಡನ್ನು ಖಾಲಿ ಮಾಡಿ, ಒರೆಸಿ, ಕಾವಿ ನೆಲದ ಮೇಲೆ ಬೋರಲು ಇಡುತ್ತಾರೆ. ಅದರ ಮೇಲೆ ಕರಿ ಬಣ್ಣದ ಲ್ಯಾಪ್‌ಟಾಪ್ ಕೂರುತ್ತದೆ. ಹಿಂದಿನಿಂದ ಟೇಬಲ್ ಫ್ಯಾನ್ ತಿರುಗತೊಡಗುತ್ತದೆ. ಇಷ್ಟೆಲ್ಲ ಆದ ಮೇಲೆ ಗುಂಡಿ ಒತ್ತಿ, ಕೀಲಿಮಣೆಯ ಎಡಗಡೆ ಅಂಗೈ ಇಟ್ಟು ಕಾಯುತ್ತಾರೆ. ಒಳಗಿನ ಪುಟ್ಟ ಫ್ಯಾನು ತಿರುಗುವುದು ಅಂಗೈಗೆ ತಿಳಿಯಬೇಕು. ತಿಳಿದರೆ ಆ ದಿನದ ಕೆಲಸ ಶುರು.

ತೆರೆ ಬೆಳಗುತ್ತದೆ. ಮದರಂಗಿ ಹಚ್ಚಿದ ಎರಡು ಕೈ, ಹಿಂದೆ ಯಾರದೋ ನಗು. ಅಷ್ಟರಲ್ಲಿ ರಿಫಾನಾ ಅವರ ತಾಯಿ ಕೈಜಮ್ಮ ಹಾಲಿಲ್ಲದ ಚಹಾದ ಗ್ಲಾಸು ಹಿಡಿದು ಬಂದು ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಕೂರುತ್ತಾರೆ. ಪಕ್ಕದಲ್ಲಿ ಒಂದು ಮೊರ. ಅದು ಅಕ್ಕಿ ಗೇರುವುದನ್ನು ಬಿಟ್ಟು ಕೆಲವು ವರ್ಷವಾಯಿತು. ಅಂಗಳದಲ್ಲಿ ಗಂಡಸಿನ ಕೆಮ್ಮು ಕೇಳಿದರೆ ಸಾಕು, ಕೈಜಮ್ಮ ಎದ್ದು ಆ ಮೊರವನ್ನು ತೆರೆಯ ಮುಂದೆ ನಿಲ್ಲಿಸುತ್ತಾರೆ. ಮೀನಿನವನಾಗಲಿ, ಕರೆಂಟು ಬಿಲ್ಲಿನವನಾಗಲಿ, ಎಲ್ಲರಿಗೂ ಒಂದೇ ಕಾನೂನು. ಸ್ವಂತ ಅಳಿಯ ನೀರು ಕುಡಿಯಲು ಬಂದರೂ ಮೊರ ಏಳುತ್ತದೆ.

ರಿಫಾನಾ ಮಾಡುವುದು ಮದುವೆಗಳ ವಿಡಿಯೊ, ಅದೂ ಹೆಂಗಸರ ಕಡೆಯದ್ದು ಮಾತ್ರ. ಕುಂಬಳೆ, ಮೊಗ್ರಾಲ್ ಸುತ್ತಿನ ಎಷ್ಟೋ ಬ್ಯಾರಿ ಮನೆಗಳ ಮದುವೆಯಲ್ಲಿ ಗಂಡಸರಿಗೆ ಒಂದು ಚಪ್ಪರ, ಹೆಂಗಸರಿಗೆ ಇನ್ನೊಂದು. ಗಂಡಸರ ಕಡೆ ಇರುವುದು ನಿಖಾಹ್, ಕೈಕುಲುಕಾಟ, ಬಿರಿಯಾನಿ. ಅದನ್ನು ತೆಗೆಯಲು ಸ್ಟುಡಿಯೊದ ಹುಡುಗರು ಬರುತ್ತಾರೆ. ಮದುವೆಯ ನಿಜವಾದ ಗಮ್ಮತ್ತು ಇರುವುದು ಇನ್ನೊಂದು ಚಪ್ಪರದಲ್ಲಿ: ಮದರಂಗಿ, ಕೈತಟ್ಟಿ ಹಾಡುವುದು, ಮದುಮಗಳನ್ನು ಗೋಳುಹೊಯ್ದುಕೊಳ್ಳುವುದು, ಸೀರೆಯ ಬಣ್ಣದ ಮೇಲೆ ನಡೆಯುವ ಚರ್ಚೆ. ಅಲ್ಲಿಗೆ ಕ್ಯಾಮೆರಾ ಹಿಡಿದು ಹೋಗುವವಳು ಹೆಂಗಸೇ ಆಗಬೇಕು, ಆಮೇಲೆ ಕೂತು ಅದನ್ನು ಜೋಡಿಸುವವಳೂ ಹೆಂಗಸೇ ಆಗಬೇಕು ಎಂದು ಬಯಸುವ ಮನೆಗಳುಂಟು. ಎಲ್ಲರೂ ಹಾಗೆ ಕೇಳುವುದಿಲ್ಲ. ಕೇಳುವವರು ರಿಫಾನಾ ಮನೆಯ ದಾರಿ ಹಿಡಿಯುತ್ತಾರೆ.

ಒಂದು ಮದುವೆಗೆ ಅವರು ಎರಡು ಡಿವಿಡಿ ಮಾಡುತ್ತಾರೆ. ಒಂದು ಮನೆಯ ಹೆಂಗಸರಿಗೆ, ಎಲ್ಲವೂ ಇರುವಂಥದ್ದು. ಇನ್ನೊಂದಕ್ಕೆ ‘ಉಪ್ಪನದ್ದು’ ಎಂದು ಹೆಸರು. ಉಪ್ಪ ಎಂದರೆ ಅಪ್ಪ, ಉಮ್ಮ ಎಂದರೆ ಅಮ್ಮ. ಗಲ್ಫಿನಲ್ಲಿ ಸಿಕ್ಕಿಕೊಂಡು ಮಗಳ ಮದುವೆಗೆ ಬರಲಾಗದ ಅಪ್ಪನಿಗೋ ತಂಗಿಯ ಮದುವೆಗೆ ಬರಲಾಗದ ಅಣ್ಣನಿಗೋ ಕಳಿಸುವ ಪ್ರತಿ ಅದು. ಅದರಲ್ಲಿ ಅವರದೇ ಮಗಳು, ಹೆಂಡತಿ, ತಾಯಿ, ತಂಗಿಯರಷ್ಟೇ ಇರಬೇಕು. ನೆರೆಹೊರೆಯವರು, ನೆಂಟರು, ಮದುಮಗಳ ಗೆಳತಿಯರು ಯಾರೂ ಕಾಣಬಾರದು.

“ಕತ್ತರಿಸುವುದು ಎಂತ ಕಷ್ಟ ಇಲ್ಲ,” ಎನ್ನುತ್ತಾರೆ ರಿಫಾನಾ. “ಮದುಮಗಳು ಅಳ್ತಾ ಇರ್ತಾಳೆ, ಉಮ್ಮ ಕಣ್ಣು ಒರೆಸ್ತಾ ಇರ್ತಾರೆ, ಉಪ್ಪನಿಗೆ ನೋಡ್ಲೇಬೇಕಾದ ಜಾಗ ಅದು. ಸರಿ ಅದೇ ಹೊತ್ತಿಗೆ ಹಿಂದಿನಿಂದ ಯಾರೋ ಒಬ್ಬರು ಪಾಯಸದ ಗ್ಲಾಸು ಹಿಡ್ಕೊಂಡು ಹೋಗ್ತಾರೆ. ಅವರನ್ನು ತೆಗೀಬೇಕು, ಅಳುವುದು ಉಳೀಬೇಕು. ಅದಕ್ಕೇ ನನ್ನ ಅರ್ಧ ಆಯುಷ್ಯ ಹೋಯ್ತು.”

ಹೀಗೆ ಜೋಡಿಸಿದ ನೂರಾರು ತುಂಡುಗಳನ್ನು ಲ್ಯಾಪ್‌ಟಾಪ್ ಒಂದೇ ಸಿನಿಮಾ ಮಾಡಿಕೊಡಬೇಕು. ಸ್ಟುಡಿಯೊದವರು ಅದನ್ನು ರೆಂಡರಿಂಗ್ ಎನ್ನುತ್ತಾರೆ. ರಿಫಾನಾ ‘ಬೇಯಿಸುವುದು’ ಎನ್ನುತ್ತಾರೆ. ಅವರ ಲ್ಯಾಪ್‌ಟಾಪಿನ ಮಟ್ಟಿಗೆ ಅದು ಸರಿಯಾದ ಹೆಸರು. ಗಂಟೆಗಟ್ಟಲೆ ನಡೆಯುವ ಈ ಕೆಲಸದಲ್ಲಿ ಅದರ ಅಡಿಭಾಗ ಮುಟ್ಟಲಾಗದಷ್ಟು ಕಾಯುತ್ತದೆ, ಮಿತಿ ಮೀರಿದರೆ ಹೇಳದೆ ಕೇಳದೆ ಆರಿಹೋಗುತ್ತದೆ, ಅಷ್ಟು ಹೊತ್ತು ಬೆಂದದ್ದೆಲ್ಲ ನೀರುಪಾಲು. ಮೊದಲಿನಿಂದ ಶುರು ಮಾಡಬೇಕು.

ಆ ಲ್ಯಾಪ್‌ಟಾಪ್ ಬಂದದ್ದು 2009ರಲ್ಲಿ. ರಿಫಾನಾ ಅವರ ಗಂಡ ಫಾರಿಸ್ ದುಬೈಯ ಕೆಲಸ ಬಿಟ್ಟು ಊರಿಗೆ ಹೊರಡುವಾಗ ಫೋನು ಮಾಡಿ ಎಂತ ತರಲಿ ಎಂದು ಕೇಳಿದ್ದರು. ಬಳೆಯೋ ಸರವೋ ಎಂದು ಕಾದಿದ್ದವರಿಗೆ ಲ್ಯಾಪ್‌ಟಾಪ್ ಎಂಬ ಉತ್ತರ ಸಿಕ್ಕಿತು. ಹೊಸದು ಎಲ್ಲಿಂದ ಬರಬೇಕು? ಯಾರೋ ಆಫೀಸಿನವರು ಬಳಸಿ ಬಿಟ್ಟದ್ದನ್ನು ತಂದರು. ಈಗ ಫಾರಿಸ್ ಅನಂತಪುರದ ಕೈಗಾರಿಕಾ ಎಸ್ಟೇಟಿನಿಂದ ಸಾಮಾನು ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾರೆ. ಹೊಸ ಲ್ಯಾಪ್‌ಟಾಪಿನ ಮಾತು ಪ್ರತಿ ವರ್ಷ ಮನೆಯಲ್ಲಿ ಏಳುತ್ತದೆ. ಆ ವರ್ಷಕ್ಕೆ ಸರಿಯಾಗಿ ಮಕ್ಕಳ ಶಾಲೆಯೋ ಕೈಜಮ್ಮನ ಕಣ್ಣೋ ಆಟೋದ ಎಂಜಿನ್ನೋ ಅಡ್ಡ ಬರುತ್ತದೆ. ಹೊಸತು ತೆಗೆಯಿರಿ ಎಂದು ಸಲಹೆ ಕೊಡುವವರಿಗೆ ಖರ್ಚೇನೂ ಇಲ್ಲ.

ಹೀಗಾಗಿ ರಿಫಾನಾ ತಮ್ಮ ದಿನವನ್ನೇ ಲ್ಯಾಪ್‌ಟಾಪಿನ ಮೈಕಾವಿಗೆ ಹೊಂದಿಸಿಕೊಂಡಿದ್ದಾರೆ. ಮನೆಯ ಮುಂಭಾಗ ತಾರಸಿ, ಬೆಳಗ್ಗೆಯೇ ಬೇಯುತ್ತದೆ. ಹಿಂದಿನ ಹಳೇ ಹಂಚಿನ ಅಡುಗೆಮನೆಯೊಂದೇ ತಂಪು. ಆದ್ದರಿಂದ ಸಿನಿಮಾ ತಯಾರಾಗುವುದು ಅಡುಗೆಮನೆಯಲ್ಲಿ. ಯಂತ್ರ ಓಡುವಾಗ ಒಲೆ ಹಚ್ಚುವಂತಿಲ್ಲ. ಯಂತ್ರಕ್ಕೆ ಬಿಸಿಯೇರಿದೊಡನೆ ಅದನ್ನು ಆರಿಸಿ ಒಲೆ ಹಚ್ಚುತ್ತಾರೆ. ಅಕ್ಕಿಹಿಟ್ಟಿನ ರೊಟ್ಟಿ, ಪತ್ತಿರಿ, ಬೆಂದು, ಮಕ್ಕಳು ಶಾಲೆಗೆ ಹೋಗಿ, ಒಲೆ ಆರಿದ ಮೇಲೆ ಮತ್ತೆ ಯಂತ್ರ. ಪೇಟೆಯಿಂದ ತಂದ ಕೂಲಿಂಗ್ ಪ್ಯಾಡ್ ಒಂದು ಮಳೆಗಾಲವೂ ಬಾಳಲಿಲ್ಲ. ಬಟ್ಟಲಿನ ಸ್ಟ್ಯಾಂಡು ಹಾಗಲ್ಲ, ಅದರಲ್ಲಿ ಕೆಡುವಂಥದ್ದೇ ಏನೂ ಇಲ್ಲ.

ಇಷ್ಟು ಪಾಡು ಯಾಕೆ, ಸ್ಟುಡಿಯೊದ ದೊಡ್ಡ ಕಂಪ್ಯೂಟರಿನಲ್ಲಿ ಕೆಲಸ ಮಾಡಬಹುದಲ್ಲ ಎಂದು ಕೇಳಿದರೆ ರಿಫಾನಾ ತಮ್ಮ ಮದುವೆಯ ಕತೆ ಹೇಳುತ್ತಾರೆ. 2004ರಲ್ಲಿ ನಡೆದ ಮದುವೆ. ಹೆಂಗಸರ ಕಡೆ ಒಂದಿಷ್ಟು ಹೊತ್ತು ಮಾತ್ರ ತೆಗೆಯುತ್ತೇವೆ, ಮನೆಯವರಲ್ಲದೆ ಯಾರೂ ನೋಡುವುದಿಲ್ಲ ಎಂದು ಮಾತು ಕೊಟ್ಟು ಸ್ಟುಡಿಯೊದ ಹುಡುಗ ಒಳಗೆ ಬಂದಿದ್ದ. ತಿಂಗಳು ಕಳೆದ ಮೇಲೆ ಪೇಟೆಗೆ ಹೋದ ನೆಂಟರೊಬ್ಬರು ಮನೆಗೆ ಬಂದು, ಅಂಗಡಿಯ ಟಿವಿಯಲ್ಲಿ ನಿಮ್ಮ ಮಗಳು ಕಾಣುತ್ತಿದ್ದಾಳೆ ಎಂದರು. ಗಿರಾಕಿಗಳಿಗೆ ಸ್ಯಾಂಪಲ್ ತೋರಿಸಲೆಂದು ಆ ಕ್ಯಾಸೆಟ್ ಬೆಳಗಿನಿಂದ ಸಂಜೆವರೆಗೆ ಓಡುತ್ತಿತ್ತು. ಬಸ್ಸು ಕಾಯುವವರೆಲ್ಲ ನಿಂತು ನೋಡುತ್ತಿದ್ದರು. ಫಾರಿಸ್ ಹೋಗಿ ನಿಲ್ಲಿಸಿ ಬಂದರು. ಕೈಜಮ್ಮ ಮಾತ್ರ ಬಹಳ ಕಾಲ ಯಾರ ಮದುವೆಗೂ ಹೋಗಲಿಲ್ಲ.

“ಅವನಿಗೆ ಕೆಟ್ಟ ಮನಸ್ಸು ಇರ್ಲಿಲ್ಲ. ಚೆಂದ ಬಂದಿದೆ ಅಂತ ಹಾಕಿದ್ದು,” ಎನ್ನುತ್ತಾರೆ ರಿಫಾನಾ. “ನನಗೆ ಜಾಸ್ತಿ ಸಿಟ್ಟು ಬಂದದ್ದು ಅದಕ್ಕೇ. ಕೆಟ್ಟವನಾದ್ರೆ ನಾಲ್ಕು ಬೈದು ಸುಮ್ಮನಾಗಬಹುದು. ಇವನಿಗೆ ಮಾತು ಕೊಟ್ಟದ್ದೇ ನೆನಪಿರ್ಲಿಲ್ಲ.”

ಆ ಸಿಟ್ಟು ಇನ್ನೂ ಆರಿಲ್ಲ. ಕುಂಬಳೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದು ಅದೇ ಸಿಟ್ಟು, ಬಾಡಿಗೆ ಕ್ಯಾಮೆರಾ ಹಿಡಿಸಿದ್ದೂ ಅದೇ. ಮದುವೆಯ ಮನೆಗೆ ಹೋದಾಗ ಅವರು ಮೊದಲು ಹೇಳುವ ಮಾತು ಒಂದೇ: ಇದನ್ನು ನಾನಲ್ಲದೆ ಯಾರೂ ಮುಟ್ಟುವುದಿಲ್ಲ, ಯಾರಿಗೂ ತೋರಿಸುವುದಿಲ್ಲ. ಆ ಮಾತು ಎಷ್ಟು ಗಟ್ಟಿ ಎಂದು ಪರೀಕ್ಷೆಯಾದದ್ದು 2014ರ ಎಪ್ರಿಲಿನಲ್ಲಿ.

ಮೊಗ್ರಾಲಿನ ನಾಝಿಯಾ ಎಂಬ ಹುಡುಗಿಯ ಮದುವೆ. ಅವಳ ತಂದೆ ಪೊಕ್ಕರ್ ಶಾರ್ಜಾದಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ರಜೆ ಸಿಗಲಿಲ್ಲ. ನಿಖಾಹ್‌ನಲ್ಲಿ ಮದುಮಗನ ಕೈ ಹಿಡಿಯಬೇಕಾದ ಜಾಗದಲ್ಲಿ ತಮ್ಮನನ್ನು ಕೂರಿಸಿ, ತಾವು ಫೋನಿನಲ್ಲಿ ಕೇಳಿಸಿಕೊಂಡರು. ಮದರಂಗಿಯ ದಿನ ರಿಫಾನಾ ಕ್ಯಾಮೆರಾ ಹಿಡಿದು ಹೋದಾಗ ಮೂಲೆಯ ಮಂಚದಲ್ಲಿ ಪೊಕ್ಕರ್ ಅವರ ತಾಯಿ ಉಮ್ಮಾಲಿಮ್ಮ ಕೂತಿದ್ದರು. ಎಂಬತ್ತು ದಾಟಿದ ಅಜ್ಜಿ. ವೋಟರ್ ಕಾರ್ಡಿನದ್ದು ಬಿಟ್ಟರೆ ಅವರ ಒಂದು ಫೋಟೊವೂ ಆ ಮನೆಯಲ್ಲಿ ಇರಲಿಲ್ಲ; ಕ್ಯಾಮೆರಾ ಕಂಡರೆ ಗೋಡೆಯ ಕಡೆ ತಿರುಗುವವರು. ಅಂದು ಹಿಡಿದವಳು ಹೆಂಗಸು ಎಂದು ಕಂಡಮೇಲೆ ತಿರುಗಲಿಲ್ಲ. ಮೊಮ್ಮಗಳ ಕೈ ಎಳೆದು ಹತ್ತಿರ ಕೂರಿಸಿಕೊಂಡು, ಈಗಿನವರಿಗೆ ಯಾರಿಗೂ ಬಾರದ ಹಳೇ ಮದುವೆ ಹಾಡೊಂದನ್ನು ಕೈತಟ್ಟಿ ಹಾಡಿದರು. ನಡುವೆ ದಮ್ಮು ಹತ್ತಿ ನಿಲ್ಲಿಸಿದರು, ಬಾಯಿ ಮುಚ್ಚಿಕೊಂಡು ನಕ್ಕರು, ಮತ್ತೆ ಹಾಡಿ ಮುಗಿಸಿದರು.

ಮದುವೆ ಕಳೆದು ಹತ್ತು ದಿನ ತುಂಬುವುದರೊಳಗೆ ಉಮ್ಮಾಲಿಮ್ಮ ತೀರಿಕೊಂಡರು. ಪೊಕ್ಕರ್‌ಗೆ ಆಗಲೂ ಬರಲಾಗಲಿಲ್ಲ. ನಾಝಿಯಾಳ ತಾಯಿ ರಿಫಾನಾ ಮನೆಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ, ಅದರಲ್ಲಿ ಅವರ ಉಮ್ಮ ಇದ್ದಾರಲ್ಲ? ಇದ್ದಾರೆ ಎಂದರು ರಿಫಾನಾ. ನಾಝಿಯಾಳ ನೆರೆಮನೆಯ ಫಸಲ್ ರಜೆ ಮುಗಿಸಿ ಗುರುವಾರ ಮಂಗಳೂರಿನಿಂದ ಶಾರ್ಜಾಕ್ಕೆ ಹಾರುವವನಿದ್ದ. ಅವನ ಕೈಯಲ್ಲಿ ಕಳಿಸಿದರೆ ಶುಕ್ರವಾರ, ಪೊಕ್ಕರ್‌ಗೆ ಇರುವ ಒಂದೇ ರಜೆಯ ದಿನ, ಕೈಗೆ ಸಿಗುತ್ತದೆ. ಅವನು ಹೋದರೆ ಮುಂದೆ ಯಾರು ಯಾವಾಗ ಹೋಗುತ್ತಾರೋ ಗೊತ್ತಿಲ್ಲ. ತಾಯಿಯ ಮುಖವನ್ನು ಕೊನೆಗೊಮ್ಮೆ ನೋಡದ ಮಗ ಅಲ್ಲಿ ಕಾಯುತ್ತಿದ್ದ.

ಮಂಗಳವಾರ ಬೆಳಗ್ಗೆ ‘ಉಪ್ಪನದ್ದು’ ಬೇಯಲಿಕ್ಕೆ ಇಟ್ಟು ರಿಫಾನಾ ರೇಷನ್ ಅಂಗಡಿಗೆ ಹೋದರು. ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗೆಂದು ಅಳಿಸಿಯಾಗಿತ್ತು. ಅವರ ಹತ್ತಿರ ಇದ್ದದ್ದು ಒಂದೇ ಕಾರ್ಡು. ಅಂದರೆ ಆ ಮದುವೆ ಪೂರ್ತಿಯಾಗಿ ಇದ್ದದ್ದು ಲ್ಯಾಪ್‌ಟಾಪಿನೊಳಗೆ ಮಾತ್ರ. ಹೋಗುವಾಗ ತಾಯಿಗೆ, ಯಾರಿಗೂ ಕಾಣದ ಹಾಗೆ ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದರು. ದಿನವೂ ಹೇಳುವ ಮಾತು.

ಅದೇ ಹೊತ್ತಿಗೆ ತೆಂಗಿನಕಾಯಿ ಕೊಯ್ಯಲು ಚೋಮ ಬಂದ. ವರ್ಷಗಳಿಂದ ಆ ಮನೆಯ ಮರ ಹತ್ತುವವನು. ನೇರ ಹಿತ್ತಿಲ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳಿದ. ತೆರೆಯ ಮೇಲೆ ಮದುಮಗಳು ತಲೆಗೂದಲು ಬಿಟ್ಟು ಕೂತಿದ್ದಳು. ಲ್ಯಾಪ್‌ಟಾಪ್ ಮಡಚಿದರೆ ಕೆಲಸ ನಿಂತುಹೋಗುತ್ತದೆ ಎಂದು ಮಗಳು ಹೇಳಿದ್ದು ಮಾತ್ರ ಕೈಜಮ್ಮನಿಗೆ ನೆನಪಿತ್ತು. ಒಳಗೆ ಓಡಿ ಕೈಗೆ ಸಿಕ್ಕಿದ್ದನ್ನು ತಂದು ಮೇಲಿನಿಂದ ಹೊದಿಸಿಬಿಟ್ಟರು. ಕೈಗೆ ಸಿಕ್ಕಿದ್ದು ಫಾರಿಸ್ ದುಬೈಯಿಂದ ತಂದಿದ್ದ ಕಂಬಳಿ. ದೊಡ್ಡ ಗುಲಾಬಿ ಹೂಗಳ, ಎರಡು ಪದರದ, ಈ ಊರಿನ ಸೆಕೆಯಲ್ಲಿ ಯಾರೂ ಒಮ್ಮೆಯೂ ಹೊದೆಯದ ಕಂಬಳಿ. ಲ್ಯಾಪ್‌ಟಾಪಿನ ಜೊತೆಗೆ ಟೇಬಲ್ ಫ್ಯಾನೂ ಅದರಡಿ ಸೇರಿಕೊಂಡಿತು. ಚೋಮ ನೀರು ಕುಡಿದು ಮರ ಹತ್ತಿದ. ಕೈಜಮ್ಮ ಕಾಯಿ ಹೆಕ್ಕಲು ಹೊರಗೆ ಹೋದರು. ಮರ್ಯಾದೆ ಉಳಿಯಿತೆಂಬ ಸಮಾಧಾನದಲ್ಲಿ ಕಂಬಳಿ ಮರೆತೇಹೋಯಿತು.

ರಿಫಾನಾ ಬಂದಾಗ ಅಡುಗೆಮನೆಯಲ್ಲಿ ಸುಟ್ಟ ವಾಸನೆ. ಕಂಬಳಿ ಎಳೆದು ನೋಡಿದರೆ ತೆರೆ ಕಪ್ಪು. ಆರಲು ಬಿಟ್ಟು ಗುಂಡಿ ಒತ್ತಿದರು. ದೀಪ ಹತ್ತಿತು, ಒಳಗೆ ಏನೋ ಕಿರುಗುಟ್ಟಿತು, ಆರಿತು. ಮತ್ತೊಮ್ಮೆ ಒತ್ತಿದಾಗಲೂ ಅಷ್ಟೇ.

“ಉಮ್ಮಾ, ಎಂತ ಮಾಡಿದ್ದು ನೀವು?” ಎಂದು ಕೇಳಿಹೋಯಿತು.

“ನೀನೇ ಹೇಳಿದ್ದಲ್ಲವಾ ಮೋಳೆ,” ಎಂದರು ಕೈಜಮ್ಮ; ಮೋಳೆ ಎಂದರೆ ಮಗಳೇ. “ಯಾರಿಗೂ ಕಾಣಬಾರದು ಅಂತ.”

ರಿಫಾನಾ ಊರಿಗೆಲ್ಲ ಕೊಟ್ಟ ಮಾತನ್ನು ತಾಯಿ ಅಕ್ಷರಶಃ ಉಳಿಸಿದ್ದರು. ಕೈಜಮ್ಮನಿಗೆ ಅಂದಿನಿಂದ ಊಟ ಸೇರಲಿಲ್ಲ, ತಟ್ಟೆಯ ಮುಂದೆ ಕೂತು ಉಮ್ಮಾಲಿಮ್ಮನನ್ನು ನಾನೇ ಎರಡನೇ ಸಲ ಕೊಂದೆ ಎಂದು ಅತ್ತರು. ಮಗಳು ಸಮಾಧಾನ ಮಾಡುತ್ತ ಕೂರಲಿಲ್ಲ. ಗೋಣಿಚೀಲದ ಅಕ್ಕಿಯನ್ನು ಹಾಗೆಯೇ ಬಿಟ್ಟು ಫಾರಿಸ್‌ಗೆ ಫೋನು ಮಾಡಿ ಆಟೋ ತರಲು ಹೇಳಿದರು.

ದಾರಿಯಲ್ಲಿ ಗಂಡ ಹೆಂಡತಿಗೆ ಸಣ್ಣ ಜಗಳವೇ ಆಯಿತು. ಅಂಗಡಿಯಲ್ಲಿ ಕೊಟ್ಟು ಬರೋಣ, ರಿಪೇರಿ ಮಾಡಿಡುತ್ತಾರೆ ಎಂದರು ಫಾರಿಸ್. ಕೊಟ್ಟು ಬರುವ ಮಾತೇ ಇಲ್ಲ ಎಂದರು ರಿಫಾನಾ.

“ಅವರಿಗೆ ಯಾರದೋ ಮದುವೆ ನೋಡ್ತಾ ಕೂರುವುದೇ ಕೆಲಸವಾ?”

“ನನ್ನದನ್ನು ನೋಡಿದ್ರಲ್ಲ,” ಎಂದರು ರಿಫಾನಾ. ಫಾರಿಸ್ ಆಟೋವನ್ನು ಕುಂಬಳೆಯ ಕಡೆ ತಿರುಗಿಸಿದರು.

ಕುಂಬಳೆಯಲ್ಲಿ ಬೇಕರಿಯ ಮೇಲಿನ ಇಕ್ಕಟ್ಟಾದ ಕೋಣೆಯೊಂದರಲ್ಲಿ ಜಿತೇಂದ್ರ ಎಂಬವರ ರಿಪೇರಿ ಅಂಗಡಿ. ತುಳು ಮಾತಾಡುವ, ಎಂಥ ಹಳೇ ಡಬ್ಬಿಯನ್ನೂ ಎದ್ದು ಕೂರಿಸುತ್ತಾರೆ ಎಂದು ಹೆಸರಿದ್ದ ಮನುಷ್ಯ. ರಿಫಾನಾ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರು, ಕೈ ಮಾತ್ರ ತೆಗೆಯಲಿಲ್ಲ. ನೀವು ಹೇಳಿ, ನಾನೇ ಬಿಚ್ಚುತ್ತೇನೆ ಎಂದರು. ಜಿತೇಂದ್ರ ಅವರ ಮುಖ ಸಣ್ಣದಾಯಿತು.

“ನನ್ನ ಮೇಲೆ ನಂಬಿಕೆ ಇಲ್ಲವಾ ಅಕ್ಕ?”

“ನಿಮ್ಮ ಮೇಲೆ ಉಂಟು. ಇಲ್ಲದಿದ್ರೆ ಇಲ್ಲಿಗೆ ಬರ್ತಿರ್ಲಿಲ್ಲ,” ಎಂದರು ರಿಫಾನಾ. “ಆದ್ರೆ ನಂಬಿಕೆ ಇರುವವರಿಗೆ ಮಾತ್ರ ತೋರಿಸ್ತೇನೆ ಅಂತ ನಾನು ಹೇಳಿದ್ದಲ್ಲ. ಯಾರಿಗೂ ತೋರಿಸುವುದಿಲ್ಲ ಅಂತ ಹೇಳಿದ್ದು.”

ಜಿತೇಂದ್ರ ಗಲ್ಲ ಕೆರೆದುಕೊಂಡರು. ಅವರಿಗೂ ಮದುವೆಯಾಗಬೇಕಾದ ತಂಗಿಯೊಬ್ಬಳಿದ್ದಳು ಎಂದು ಆಮೇಲೆ ಗೊತ್ತಾಯಿತು. ಡ್ರಾಯರಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ರಿಫಾನಾ ಕೈಗೆ ಕೊಟ್ಟರು. ಅಡಿಯಲ್ಲಿ ಒಂದು ಪುಟ್ಟ ಮುಚ್ಚಳ ಇದೆ, ಅದನ್ನು ತೆಗೆಯಿರಿ. ಒಳಗೆ ಇಸ್ಪೀಟು ಕಟ್ಟಿನಷ್ಟು ದೊಡ್ಡ ಪೆಟ್ಟಿಗೆ ಇರುತ್ತದೆ, ಅದೇ ಹಾರ್ಡ್ ಡಿಸ್ಕ್, ನಿಮ್ಮ ಮದುವೆಗಳೆಲ್ಲ ಇರುವುದು ಅದರಲ್ಲಿ, ಅದನ್ನು ನೀವೇ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಉಳಿದದ್ದು ಬರೀ ಕಬ್ಬಿಣ, ತಗಡು, ಅದನ್ನು ಯಾರು ಮುಟ್ಟಿದರೂ ಅಡ್ಡಿ ಇಲ್ಲ ಎಂದು ವಿವರಿಸಿದರು. ಹೇಳಿ ಮುಗಿಸಿ ತಾವು ಕಿಟಕಿಯ ಕಡೆ ತಿರುಗಿ ಕೂತರು. ಅದು ಬೇಕಿರಲಿಲ್ಲ, ಆ ಪೆಟ್ಟಿಗೆಯ ಮೇಲೆ ಯಾರ ಮುಖವೂ ಅಂಟಿರಲಿಲ್ಲ. ಆದರೂ ತಿರುಗಿ ಕೂತರಲ್ಲ, ಅದನ್ನು ರಿಫಾನಾ ಇಂದಿಗೂ ನೆನೆಯುತ್ತಾರೆ.

ಐದು ವರ್ಷದಿಂದ ಯಾವುದಕ್ಕೆ ಹೆದರಿ ಲ್ಯಾಪ್‌ಟಾಪನ್ನು ಯಾರ ಕೈಗೂ ಕೊಟ್ಟಿರಲಿಲ್ಲವೋ ಅದು ಒಂದು ಸ್ಕ್ರೂ ತಿರುಗಿಸಿದ್ದಕ್ಕೆ ಹೊರಗೆ ಬಂದು ಅಂಗೈಯಲ್ಲಿ ಕೂತಿತು. ರಿಫಾನಾ ಅದನ್ನು ಕರ್ಚೀಫಿನಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡರು. ಜಿತೇಂದ್ರ ಉಳಿದದ್ದನ್ನು ಬಿಚ್ಚಿದರು. ಗಾಳಿಯ ದಾರಿಯಲ್ಲಿ ಕಂಬಳಿಯ ಗುಲಾಬಿ ನಾರು, ಅದರಡಿ ವರ್ಷಗಳ ಅಕ್ಕಿಹಿಟ್ಟು, ಎಣ್ಣೆಯ ಜಿಡ್ಡು. ಪತ್ತಿರಿಯ ಹಿಟ್ಟು ಗಟ್ಟಿಯಾಗಿ ಫ್ಯಾನಿನ ಎಸಳಿಗೆ ಅಂಟಿತ್ತು. ಅಡುಗೆಮನೆ ತಂಪು ಎಂದು ಅಲ್ಲಿಟ್ಟದ್ದು ಸರಿ, ಹಿಟ್ಟು ಹಾರುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬ್ರಷ್ ಹಾಕಿ ತೆಗೆದರು, ಚಿಪ್ಪಿನ ಮೇಲೆ ಒಣಗಿಹೋಗಿದ್ದ, ಬಿಸಿ ಹೊರಗೆಳೆಯುವ ಪೇಸ್ಟನ್ನು ಕೆರೆದು ಹೊಸದು ಹಚ್ಚಿದರು. ಲ್ಯಾಪ್‌ಟಾಪ್ ಎದ್ದಿತು. ಆದರೆ ಫ್ಯಾನು ಸೋತಿತ್ತು, ಹೊಸದು ತರಿಸಲು ವಾರ ಬೇಕು. ಅಲ್ಲಿಯವರೆಗೆ ಸ್ವಲ್ಪ ಸ್ವಲ್ಪವೇ ಓಡಿಸಿ, ಬಿಸಿಯಾದರೆ ನಿಲ್ಲಿಸಿ, ಹಟಕ್ಕೆ ಬಿದ್ದರೆ ಒಳಗಿನದ್ದೂ ಸುಟ್ಟೀತು ಎಂದರು.

ವಾರ ಯಾರ ಹತ್ತಿರ ಇತ್ತು?

ಮನೆಗೆ ಬಂದು ಡಿಸ್ಕನ್ನು ಮತ್ತೆ ಕೂರಿಸಿ ನೋಡಿದರು. ಬೆಂದದ್ದು ಹೋಗಿತ್ತು, ಆದರೆ ತೆಗೆದ ಚಿತ್ರ ಎಲ್ಲವೂ ಇತ್ತು. ಉಮ್ಮಾಲಿಮ್ಮ ಮಂಚದಲ್ಲೇ ಕೂತಿದ್ದರು. ರಿಫಾನಾ ಸಿನಿಮಾವನ್ನು ಸಣ್ಣ ಸಣ್ಣ ತುಂಡು ಮಾಡಿದರು. ಒಂದೇ ಸಲಕ್ಕೆ ದೊಡ್ಡ ಪಾತ್ರೆಯಲ್ಲಿ ಬೇಯಿಸುವುದನ್ನು ಬಿಟ್ಟು ಒಂದೊಂದೇ ಪತ್ತಿರಿಯ ಹಾಗೆ ಬೇಯಿಸುವುದು ಎಂದು ತೀರ್ಮಾನವಾಯಿತು. ಬುಧವಾರ ನಸುಕಿನಲ್ಲೇ ಶುರು. ಒಂದು ತುಂಡು ಮುಗಿದೊಡನೆ ಆರಿಸುವುದು, ಅಂಗೈ ಇಟ್ಟು ನೋಡುವುದು, ತಣ್ಣಗಾದ ಮೇಲೆ ಮುಂದಿನದು. ಅಂದು ಆ ಮನೆಯಲ್ಲಿ ಒಲೆ ಉರಿಯಲಿಲ್ಲ, ಮಕ್ಕಳು ಬ್ರೆಡ್ಡು ತಿಂದುಕೊಂಡಿದ್ದರು. ಕೈಜಮ್ಮ ಕರೆಯದೆಯೇ ಬಂದು ಸ್ಟ್ಯಾಂಡಿನ ಪಕ್ಕ ಕೂತು ಬೀಸಣಿಗೆ ಬೀಸಲು ಹಿಡಿದರು. ಟೇಬಲ್ ಫ್ಯಾನು ಇದೆಯಲ್ಲ ಎಂದರೆ ಕೇಳಲಿಲ್ಲ. ತನ್ನ ಕೈಯಿಂದ ಕೆಟ್ಟದ್ದು ತನ್ನ ಕೈಯಿಂದಲೇ ಸರಿಯಾಗಬೇಕೆಂದು ಅವರ ಹಟ.

ಎಲ್ಲ ತುಂಡೂ ಬೆಂದವು, ಅಜ್ಜಿಯ ಹಾಡೊಂದು ಬಿಟ್ಟು. ಅದು ಉದ್ದ. ನಡುವೆ ಕತ್ತರಿಸಿದರೆ ಹಾಡು ತುಂಡಾಗುತ್ತದೆ ಎಂದು ರಿಫಾನಾ ಅದನ್ನು ಇಡಿಯಾಗಿಯೇ ಇಟ್ಟಿದ್ದರು. ಮೊದಲ ಸಲ ಲ್ಯಾಪ್‌ಟಾಪ್ ಅರ್ಧದಲ್ಲಿ ಆರಿತು. ಎರಡನೆಯ ಸಲ ಇನ್ನೇನು ಮುಗಿಯಿತು ಎನ್ನುವಾಗ ಆರಿತು. ಸಂಜೆಯ ಹೊತ್ತಿಗೆ ಫಾರಿಸ್, ಹಾಡು ಬಿಟ್ಟು ಉಳಿದದ್ದು ಕಳಿಸು, ಅಜ್ಜಿ ಬೇರೆ ಕಡೆಯೂ ಕಾಣುತ್ತಾರಲ್ಲ ಎಂದರು. ರಿಫಾನಾ ಒಪ್ಪಲಿಲ್ಲ. ಗುರುವಾರ ಬೆಳಗಾಗುವ ಮೊದಲೇ ಎದ್ದು, ತಣ್ಣಗಾಗಿದ್ದ ಯಂತ್ರದ ಮುಂದೆ ಕೂತು ಆ ಹಾಡನ್ನು ಮೊದಲಿನಿಂದ ಕೇಳಿದರು. ಉಮ್ಮಾಲಿಮ್ಮನಿಗೆ ದಮ್ಮು ಹತ್ತಿ, ಬಾಯಿ ಮುಚ್ಚಿಕೊಂಡು ನಗುವ ಜಾಗ ಬಂತು. ಅಲ್ಲಿ ಹಾಡು ತಾನಾಗಿಯೇ ನಿಂತಿತ್ತು. ಸರಿಯಾಗಿ ಅಲ್ಲಿಗೆ ಕತ್ತರಿ ಹಾಕಿ ಎರಡು ಮಾಡಿದರು. ಮೊದಲರ್ಧ ಬೆಂದಿತು. ಆರಿಸಿದರು, ಕಾದರು, ಕೈಜಮ್ಮ ಬೀಸಿದರು. ಎರಡನೆಯರ್ಧವೂ ಬೆಂದಿತು. ಎರಡನ್ನೂ ಕೂಡಿಸಿ ಡಿವಿಡಿಗೆ ಹಾಕಿದಾಗ ಬಿಸಿಲು ಹೊಸ್ತಿಲಿಗೆ ಬಂದಿತ್ತು. ಫಾರಿಸ್ ಆ ದಿನದ ಮೊದಲ ಬಾಡಿಗೆ ಬಿಟ್ಟು ಆಟೋವನ್ನು ಮೊಗ್ರಾಲಿಗೆ ಓಡಿಸಿದರು. ಫಸಲ್ ಪೆಟ್ಟಿಗೆಗೆ ಬೀಗ ಹಾಕಿಯಾಗಿತ್ತು. ಡಿವಿಡಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಹೋದ.

ಶುಕ್ರವಾರ ಸಂಜೆ ಶಾರ್ಜಾದಿಂದ ಫೋನು ಬಂತು. ಮಾತಾಡಿದ್ದು ಪೊಕ್ಕರ್. ರೂಮಿನಲ್ಲಿ ಇರುವವರೆಲ್ಲ ತನ್ನ ಹಾಗೆಯೇ ಊರಿನ ಮದುವೆಗಳಿಗೆ ಹೋಗಲಾಗದವರು, ಯಾರಿಗೆ ಡಿವಿಡಿ ಬಂದರೂ ಎಲ್ಲರೂ ಕೂತು ನೋಡುವುದು ರೂಢಿ, ಆದರೆ ಇದನ್ನು ಅವರೆಲ್ಲ ಪೇಟೆಗೆ ಹೋದ ಮೇಲೆ ಬಾಗಿಲು ಹಾಕಿ ಒಬ್ಬನೇ ನೋಡಿದೆ ಎಂದರು. ನೀನು ಇಲ್ಲಿಯವರೆಗೆ ಕಾದು ಕಳಿಸಿದ್ದನ್ನು ನಾನು ಹೇಗೆ ಬಿಚ್ಚಿಡಲಿ ಎಂದು ಕೇಳಿದರು. ಆಮೇಲೆ ಅವರು ಹೇಳಿದ ಮಾತು ರಿಫಾನಾಗೆ ಬಾಯಿಪಾಠವಾಗಿದೆ.

“ನನ್ನ ಉಮ್ಮ ಹಾಡ್ತಾರೆ ಅಂತ ನನಗೆ ಇವತ್ತೇ ಗೊತ್ತಾದದ್ದು ಮೋಳೆ. ಹೆಂಗಸರ ಕಡೆ ನಾವು ಹೋಗುವುದಿಲ್ಲವಲ್ಲ. ಇಷ್ಟು ವರ್ಷ ಅವರು ಅಲ್ಲಿ ಹಾಡ್ತಾ ಇದ್ರು, ನಾನು ಗಂಡಸರ ಚಪ್ಪರದಲ್ಲಿ ಬಿರಿಯಾನಿ ಬಡಿಸ್ತಾ ಇದ್ದೆ.”

ಕೈಜಮ್ಮನಿಗೆ ಅದನ್ನು ಹೇಳಿದಾಗ ಅವರು ಎದ್ದು ಅನ್ನ ಬಡಿಸಿಕೊಂಡರು. ಕಂಬಳಿಯನ್ನು ಅಟ್ಟಕ್ಕೆ ಹಾಕಿಸಿದರು. ಮೊರ ಹೊಸ್ತಿಲಿಗೆ ಬಂದದ್ದು ಮರುದಿನದಿಂದ. ತೆರೆ ಮರೆಯಾಗುತ್ತದೆ, ಗಾಳಿಯ ದಾರಿ ಮುಚ್ಚುವುದಿಲ್ಲ. ಒಂದು ಗುಂಡಿ ಒತ್ತಿದರೆ ತೆರೆ ಕಪ್ಪಾಗುತ್ತದೆ, ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ ಎಂದು ಜಿತೇಂದ್ರ ಆಮೇಲೆ ತೋರಿಸಿಕೊಟ್ಟಿದ್ದಾರೆ. ಕೈಜಮ್ಮ ಅದನ್ನು ನಂಬಿಲ್ಲ.

ಇದೆಲ್ಲ ಕಳೆದು ಮೂರು ವರ್ಷವಾಯಿತು. ಲ್ಯಾಪ್‌ಟಾಪಿಗೆ ಹೊಸ ಫ್ಯಾನು ಬಂದಿದೆ, ಅದೂ ಈಗ ಮುಲುಗಲು ತೊಡಗಿದೆ. ತಿಂಗಳಿಗೊಮ್ಮೆ ರಿಫಾನಾ ಡಿಸ್ಕನ್ನು ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿಕೊಂಡು, ಲ್ಯಾಪ್‌ಟಾಪನ್ನು ಕುಂಬಳೆಗೆ ಒಯ್ದು ಹಿಟ್ಟು ತೆಗೆಸಿಕೊಂಡು ಬರುತ್ತಾರೆ. ಈಗ ಮದುವೆಗೆ ಬರುವ ಪ್ರತಿ ಹುಡುಗಿಯ ಕೈಯಲ್ಲೂ ಮೊಬೈಲಿದೆ, ಸಂಜೆಯಾಗುವುದರೊಳಗೆ ಅರ್ಧ ಮದುವೆ ವಾಟ್ಸ್ಆ್ಯಪ್‌ನಲ್ಲಿ ಗಲ್ಫಿಗೆ ತಲುಪಿರುತ್ತದೆ. ನಿಮ್ಮ ಕೆಲಸ ಇನ್ನೆಷ್ಟು ದಿನ ಎಂದು ಕೇಳುವವರಿದ್ದಾರೆ. ಚಪ್ಪರದ ಬಾಗಿಲಲ್ಲಿ ಬುಟ್ಟಿ ಇಟ್ಟು ಮೊಬೈಲು ಹಾಕಿಸಿಕೊಳ್ಳುವ ಮನೆಗಳೂ ಈಗ ಶುರುವಾಗಿವೆ, ಅವರು ನನ್ನನ್ನೇ ಕರೆಯುತ್ತಾರೆ ಎಂದು ರಿಫಾನಾ ಉತ್ತರ ಕೊಡುತ್ತಾರೆ. ಅವರಿಗೆ ಇರುವ ಆಸೆ ಹೊಸ ಲ್ಯಾಪ್‌ಟಾಪಿನದ್ದಲ್ಲ. ಇನ್ನೊಂದು ಮೆಮೊರಿ ಕಾರ್ಡು ತೆಗೆಯಬೇಕು, ಯಾವ ಮದುವೆಯನ್ನೂ ಡಿವಿಡಿ ಕೈಸೇರುವ ಮೊದಲು ಅಳಿಸುವಂತಾಗಬಾರದು. ಅದನ್ನು ಈ ಸೀಸನ್ನಿನಲ್ಲಿ ತೆಗೆದೇ ತೆಗೆಯುತ್ತೇನೆ ಎನ್ನುತ್ತಾರೆ.

ಅವರು ಮಾಡಿದ ಯಾವ ಡಿವಿಡಿಯ ಮೇಲೂ ಅವರ ಹೆಸರಿಲ್ಲ, ಫೋನ್ ನಂಬರಿಲ್ಲ. ಅಂಗಡಿಯ ಬೋರ್ಡಿಲ್ಲ, ತೋರಿಸಲು ಸ್ಯಾಂಪಲ್ ಎಂಬುದಂತೂ ಇಲ್ಲವೇ ಇಲ್ಲ. ಇಷ್ಟು ಚೆಂದದ ಕೆಲಸವನ್ನು ಊರಿನ ಅರ್ಧ ಜನ ಕಣ್ಣಿಂದ ಕಂಡೇ ಇಲ್ಲವಲ್ಲ, ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ ರಿಫಾನಾ ಕೀಲಿಮಣೆಯ ಎಡಗಡೆ ಅಂಗೈ ಇಟ್ಟು ಬಿಸಿ ನೋಡುತ್ತಾರೆ. ಹೊರಗೆ ಯಾರೋ ಕೆಮ್ಮಿದ ಸದ್ದು. ಕೈಜಮ್ಮ ಎದ್ದು ಮೊರ ನಿಲ್ಲಿಸುತ್ತಾರೆ.

“ಅರ್ಧ ಊರು ನೋಡಿಲ್ಲ ಅಲ್ವಾ?” ಎನ್ನುತ್ತಾರೆ ರಿಫಾನಾ. “ಹಾಗಾದ್ರೆ ನನ್ನ ಕೆಲಸ ಸರಿಯಾಗಿದೆ.”